ನಮ್ಮ ಮನೆಯಲ್ಲಿ ಹೆಡ್ ಇಳಿಸಿದ್ದು

ಗಾಡಿ ಕೆಟ್ಟರೆ ಬೇರೆಯವರು ಗ್ಯಾರೇಜಿಗೆ ಒಯ್ಯುತ್ತಾರೆ, ನನ್ನ ಗಂಡ ಮನೆಗೆ ತರುತ್ತಾರೆ. ಕೂಡ್ಲಿಗಿಯಲ್ಲಿ ಸಂಸಾರ ಹೂಡಿದಾಗಿನಿಂದ ಇದೇ ನಡೆದಿದೆ. ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಈಗ ನನ್ನಲ್ಲಿ ಉಳಿದಿಲ್ಲ. ಈ ಸಲ ಕೆಟ್ಟದ್ದು ತರಕಾರಿ ಸಾಗಿಸುವ ನಮ್ಮ ಹಳೇ ಟೆಂಪೊ. ಅದು ನಿಂತರೆ ಮನೆಯ ಒಲೆಯೂ ನಿಂತಂತೆ.

ಜ್ವರ

ಎಂಜಿನ್ ವಿಪರೀತ ಕಾಯುತ್ತಿತ್ತು, ಸೈಲೆನ್ಸರಿನಿಂದ ಬಿಳಿ ಹೊಗೆ. ಓಣಿಯವರು ಒಬ್ಬೊಬ್ಬರಾಗಿ ಬಂದು ಡೀಸೆಲ್ ಕಲಬೆರಕೆ ಎಂದರು, ಬ್ಯಾಟರಿ ಎಂದರು, ದೃಷ್ಟಿ ತಾಗಿದೆ ಎಂದೂ ಅಂದರು. ಕೊನೆಗೆ ಎದುರು ಮನೆಯ ನಿವೃತ್ತ ದನದ ಡಾಕ್ಟರು ಬಂದು ಎಂಜಿನ್ನಿನ ಮೇಲೆ ಅಂಗೈ ಇಟ್ಟು, ನೀರು ಕುಡಿಯುತ್ತದೆಯೇ ಎಂದು ಕೇಳಿದರು. ಬಹಳ ಕುಡಿಯುತ್ತದೆ ಎಂದರು ಇವರು.

"ಹೊರಗ ಬಿಡ್ತೈತೇನು?"

ಬಗ್ಗಿ ನೋಡಿದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಅಂದರೆ ನೀರು ಎಂಜಿನ್ನಿನ ಒಳಗೇ ಹೋಗುತ್ತಿದೆ, ಅದರ ಮೇಲಿನ ಮುಚ್ಚಳವಾದ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಸುಟ್ಟಿದೆ. ಇವರು ಕೈಮುಗಿದೇಬಿಟ್ಟರು. ಡಾಕ್ಟರು ಹೋಗುವಾಗ ಅಭ್ಯಾಸಬಲದಿಂದ ಇನ್ನೊಂದು ಮಾತು ಹೇಳಿದರು: "ಎರಡು ದಿನ ಹಸಿ ಮೇವು ಹಾಕಬ್ಯಾಡ್ರಿ."

ಇಡ್ಲಿ ತಟ್ಟೆ

ಅಂಗಳದಲ್ಲೇ ಹೆಡ್ ಬಿಚ್ಚಿದರು. ಯಾವ ವಾಲ್ವು ಯಾವ ತೂತಿನದೋ ಅದಕ್ಕೇ ಮರಳಿ ಹೋಗಬೇಕಂತೆ. ಅದಲುಬದಲಾದರೆ ಸರಿಯಾಗಿ ಕೂರುವುದಿಲ್ಲವಂತೆ. ಹಾಗಾಗಿ ಒಂದೊಂದನ್ನೂ ಸಾಲಾಗಿ ನನ್ನ ಇಡ್ಲಿ ತಟ್ಟೆಯ ಗುಳಿಗಳಲ್ಲಿಟ್ಟು, ಹೆಡ್ಡನ್ನು ಮಟ್ಟ ಮಾಡಿಸಲು ಹೊಸಪೇಟೆಗೆ ಹೋದರು.

ಬರುವಷ್ಟರಲ್ಲಿ ನಮ್ಮತ್ತೆ ತಟ್ಟೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬೋರಲು ಹಾಕಿದ್ದರು. ವಾಲ್ವುಗಳು ಚಮಚಗಳ ಜೊತೆ ಫಳಫಳ ಹೊಳೆಯುತ್ತಿದ್ದವು. ಇವರು ಕಟ್ಟೆಯ ಮೇಲೆ ಕೂತುಬಿಟ್ಟರು. ಅತ್ತೆ ಮಗನ ಬೆನ್ನು ಸವರಿ ಸಮಾಧಾನ ಮಾಡಿದರು.

"ಒಂದೂ ಕಳದಿಲ್ಲಪ್ಪ. ದೊಡ್ಡ ತಲಿಯವು ಬ್ಯಾರೆ, ಸಣ್ಣ ತಲಿಯವು ಬ್ಯಾರೆ ಮಾಡಿಟ್ಟೀನಿ."

ಟಕ ಟಕ

ವಾಲ್ವುಗಳನ್ನು ಹೊಸದಾಗಿ ಉಜ್ಜಿ ಕೂರಿಸಿ, ಗ್ಯಾಸ್ಕೆಟ್ ಬದಲಿಸಿ ಹೆಡ್ ಬಿಗಿದು, ಗಾಡಿ ಚಾಲೂ ಮಾಡಿದರು. ಹೊಗೆಯಿಲ್ಲ, ಕಾಯುವುದೂ ಇಲ್ಲ. ಆದರೂ ಇವರ ಮುಖ ಬಾಡಿತು. ಎಲ್ಲೋ ಟಕ ಟಕ ಸದ್ದು. ಎಂಜಿನ್ ಬಂದ್ ಮಾಡಿದರೆ ಸದ್ದೂ ಬಂದ್. ಚಾಲೂ ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಟಕ ಟಕ. ಕೋಲಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಹಚ್ಚಿ ಇಡೀ ಮಧ್ಯಾಹ್ನ ಕೇಳಿದರು. ಸಂಜೆ ನಟ್ಟು ಬಿಚ್ಚುವ ಪಾನಾ ಹಿಡಿದು, ಮತ್ತೆ ಹೆಡ್ ಇಳಿಸಬೇಕು ಎಂದರು. ನನಗೆ ಅಳುವೇ ಬಂತು.

ನಾನು ಕಿಟಕಿಯ ಬಳಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದೆ. ಎಂಜಿನ್ ಶುರುವಾದಾಗಲೆಲ್ಲ, ಸದ್ಯ ಸರಿಹೋಯಿತು ಎಂದು ಜಂಪರು ಹೊಲಿಯಲು ತೊಡಗುತ್ತಿದ್ದೆ. ನಿಂತಾಗಲೆಲ್ಲ, ಮತ್ತೇನಾಯಿತೋ ಎಂದು ಪೆಡಲ್ ಬಿಟ್ಟು ಇಣುಕುತ್ತಿದ್ದೆ. ಆಗ ಹೊಳೆಯಿತು.

"ಎಂಜಿನ್ ಹಚ್ಚಬ್ಯಾಡ್ರಿ. ಸುಮ್ನ ನಿಂತು ಕೇಳ್ರಿ," ಎಂದು ಪೆಡಲ್ ತುಳಿದೆ. ಟಕ ಟಕ.

ಇವರು ಕೋಲು ಕೆಳಗಿಟ್ಟರು. ನಗುತ್ತಾರೆಂದು ಕಾದೆ. ನಗಲಿಲ್ಲ. ಒಳಗೆ ಬಂದು ಮಷೀನಿನ ಸುತ್ತ ತಿರುಗಿದರು, ಬಗ್ಗಿ ಕಿವಿಗೊಟ್ಟರು.

"ಹಂಗಂದ್ರ ಕೆಟ್ಟಿದ್ದು ಇದು," ಎಂದು ಪಾನಾ ಎತ್ತಿಕೊಂಡರು.