ಬಾಗಿಲ ಮುಂದಿನ ಕೊಡಗಳು

ಸಕ್ಕರೆ ಕಾಯಿಲೆಯನ್ನು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ರಕ್ತದೊತ್ತಡವನ್ನಂತೂ ಬಡ್ತಿ ಸಿಕ್ಕವರ ಹಾಗೆ ಸಾರುತ್ತಾರೆ. ಮಲಬದ್ಧತೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಡಾಕ್ಟರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೊಸಪೇಟೆಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ದಿನವಿಡೀ ಚಕ್ಕಂಬಕ್ಕಳ ಹಾಕಿ ಕೂತು, ಕಬ್ಬು ಮಾರಿ ಬಂದ ಕಂಪ್ಲಿಯ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ ನನ್ನದು. ಸೀರೆ ಬಿಚ್ಚಿಕೊಂಡಷ್ಟು ಸಲೀಸಾಗಿ ನನ್ನ ಹೊಟ್ಟೆ ಎಂದೂ ಬಿಚ್ಚಿಕೊಂಡದ್ದಿಲ್ಲ. ಆದರೆ ಚಿತ್ತವಾಡ್ಗಿಯ ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ಪಾಯಿಖಾನೆ. ನಾನು ಒಳಗೆ ಹೋದೆನೆಂದರೆ ಸರದಿಯಲ್ಲಿದ್ದವರು ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ರಕ್ತ ಕಂಡಿತು, ನನ್ನ ಧೈರ್ಯ ಉಡುಗಿತು. ಕರುಳಿನೊಳಗೆ ಕೊಳವೆ ಬಿಟ್ಟು ನೋಡಿಸಿಬಿಡೋಣ ಎಂದರು ನಮ್ಮ ಡಾಕ್ಟರು. ಅದನ್ನು ಮಾಡುವ ತಜ್ಞರು ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುವವರು. "ಹೊಟ್ಟಿ ಪೂರಾ ಖಾಲಿ ಇರಬೇಕ್ರಿ. ಇಲ್ಲಾಂದ್ರ ಏನೂ ಕಾಣಂಗಿಲ್ಲ, ಮತ್ತ ಮುಂದಿನ ತಿಂಗಳ. ನಿಮ್ಮಂಥ ಕಟ್ಟಿದ ಹೊಟ್ಟಿಗೆ ಒಂದ ದಿನದ ಔಷಧ ಸಾಲಂಗಿಲ್ಲ, ನಾಕ ದಿನ ಮೊದಲ ಶುರು ಮಾಡ್ರಿ" ಎಂದರು. ಇದು ಕ್ಯಾನ್ಸರೋ ಏನೋ ಎಂಬ ಭಯವನ್ನು ಇನ್ನೊಂದು ತಿಂಗಳು ಹೊತ್ತು ತಿರುಗುವ ಶಕ್ತಿ ನನಗಿರಲಿಲ್ಲ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಇಷ್ಟು ವರ್ಷ ಸೊಪ್ಪು ತಿನ್ನು, ಕಾಳು ತಿನ್ನು ಎಂದು ಬೈದವರೇ ಈಗ ಸೊಪ್ಪು ಬೇಡ, ಕಾಳು ಬೇಡ, ಬದನೆಕಾಯಿಯ ಬೀಜವೂ ಬೇಡ ಎಂದಾಗ ಸೇಡು ತೀರಿದಷ್ಟು ಖುಷಿಯಾಯಿತು. ಕೆಲವು ದಿನ ಮೆತ್ತನೆಯ ಅನ್ನ, ಮಜ್ಜಿಗೆ, ಮಾತ್ರೆ. ಕೊನೆಯ ದಿನ ಎಳನೀರು, ಹಾಲಿಲ್ಲದ ಚಹಾ, ಜೊತೆಗೆ ಪುಡಿ ಕಲಸಿದ ಉಪ್ಪುಪ್ಪು ನೀರು ಲೀಟರುಗಟ್ಟಲೆ.

ಕುಡಿಯುವ ನೀರೇನೋ ಹೊಂದಿಸಿದೆವು. ಆದರೆ ದುರಸ್ತಿಗೆಂದು ಕಾಲುವೆ ನಿಲ್ಲಿಸಿದ್ದರಿಂದ ನಲ್ಲಿಯಲ್ಲಿ ಹನಿ ನೀರಿಲ್ಲ. ನನ್ನ ಹೆಂಡತಿ ಶಾಂತಾ ನನ್ನನ್ನು ಕೇಳದೆ ಕೊನೆಯ ಮನೆಯ ಹಿರಿಯಾಕೆ ಬಸಕ್ಕನ ಮುಂದೆ ಎಲ್ಲವನ್ನೂ ಒದರಿಬಿಟ್ಟಳು. "ಅಕ್ಕಾ, ಇವರಿಗೆ ನಾಳೆ ಹೊಟ್ಟಿ ಖಾಲಿ ಆಗಬೇಕ್ರಿ, ಮನ್ಯಾಗ ಒಂದು ಕೊಡ ನೀರಿಲ್ಲ." ಒಳಗಿದ್ದ ನನಗೆ ಗೋಡೆಯೊಳಗೆ ಸೇರಿಕೊಳ್ಳುವಷ್ಟು ನಾಚಿಕೆಯಾಯಿತು.

ಮರುದಿನ ಹಿತ್ತಲ ಬಾಗಿಲು ತೆರೆದರೆ ಪಾಯಿಖಾನೆಯ ಮುಂದೆ ಕೊಡಗಳ ಸಾಲು. ನೆಗ್ಗಿದ ತಾಮ್ರದ ಕೊಡ ಬಸಕ್ಕನದು, ಹೊಳೆಯುವ ಸ್ಟೀಲಿನದು ಹೊಸದಾಗಿ ಮದುವೆಯಾಗಿ ಬಂದ ಟೇಲರನ ಹೆಂಡತಿಯದು, ಉಳಿದವೆಲ್ಲ ಪ್ಲಾಸ್ಟಿಕ್ಕು. ಬಿಸಿಲಲ್ಲಿ ದೂರದ ಬೋರಿಂಗಿನಿಂದ ಹೊತ್ತು ತಂದವು. ಬಸಕ್ಕ ಮಣೆ ಹಾಕಿ ಕಾವಲು ಕೂತಿದ್ದಳು. "ಇವತ್ತ ಇದು ಅಣ್ಣಾರದ. ಜಲ್ದಿ ಇದ್ದವ್ರು ಸಂಬಂಧಿಕರ ಮನಿಗೆ ಹೋಗ್ರಿ!"

ಕುಡಿದೆ, ಅಂಗಳದಲ್ಲಿ ಅಡ್ಡಾಡಿದೆ, ಮತ್ತೆ ಕುಡಿದೆ. ಏನೂ ಇಲ್ಲ. "ಆತೇನ್ರಿ?" "ಇಲ್ರಿ." ವಠಾರದ ಮುಖವೆಲ್ಲ ಸಪ್ಪಗಾಯಿತು. ನನಗಂತೂ ಮುಂದಿನ ತಿಂಗಳೇ ಕಣ್ಣ ಮುಂದೆ ಬಂತು. ಆಮೇಲೆ ಶುರುವಾಯಿತು ನೋಡಿ, ಚಪ್ಪಲಿ ಮೆಟ್ಟಲೂ ಪುರುಸೊತ್ತಿಲ್ಲ. ನಾನು ಕೊಡ ಬರಿದು ಮಾಡುತ್ತಿದ್ದೆ, ಅವರು ತುಂಬಿಡುತ್ತಿದ್ದರು. ಒಳಗೆ ಕೂತವನಿಗೆ ಹೊರಗೆ ಕೊಡ ಇಡುವ ಸದ್ದು ಕೇಳಿ ಕಣ್ಣು ತುಂಬಿ ಬಂತು. ಅಂಥ ಜಾಗದಲ್ಲಿ ಕೂತು ಅಷ್ಟು ಕೃತಜ್ಞತೆಯಿಂದ ಅತ್ತವನು ನಾನೊಬ್ಬನೇ ಇರಬೇಕು.

ಪರೀಕ್ಷೆ ಮುಗಿಸಿದ ತಜ್ಞರು, "ಹೆದರಬ್ಯಾಡ್ರಿ, ಗಂಟು ಗಿಂಟು ಏನಿಲ್ಲ, ಒಳಗ ಸಣ್ಣ ಮೂಲವ್ಯಾಧಿ ಅಷ್ಟ. ಭಾಳ ಸ್ವಚ್ಛ ಮಾಡಿಕೊಂಡು ಬಂದೀರಿ" ಎಂದರು. ಆ ಹೊಗಳಿಕೆಯನ್ನು ತಂದು ವಠಾರಕ್ಕೆ ಒಪ್ಪಿಸಿದೆ. ಬಸಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಬೆಳಗಿನ ಮೊದಲ ಸರದಿ ನನ್ನದೇ, ಬಾಗಿಲಲ್ಲಿ ತುಂಬಿದ ತಾಮ್ರದ ಕೊಡ. ಹೊಟ್ಟೆಯೋ ಮತ್ತೆ ತನ್ನ ಹಳೆಯ ಹಟಕ್ಕೇ ಬಿದ್ದಿತ್ತು. ಒಳಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಅಷ್ಟು ದೂರದಿಂದ ಹೊತ್ತು ತಂದ ನೀರನ್ನು ಹಾಗೇ ಬಿಟ್ಟು ಬರುವುದು ಹೇಗೆ? ಅಷ್ಟನ್ನೂ ಸುರಿದು ಹೊರಗೆ ಬರುತ್ತಿದ್ದೆ.

"ಹಗುರಾತೇನ್ರಿ ಅಣ್ಣಾರ?" ಎನ್ನುತ್ತಿದ್ದಳು ಬಸಕ್ಕ.

"ಭಾಳ ಹಗುರಾತ್ರಿ" ಎನ್ನುತ್ತಿದ್ದೆ, ಹೊಟ್ಟೆ ಹಿಡಿದುಕೊಂಡು.