ನನ್ನ ತೂಕಡಿಕೆಯಿಂದ ಸರಳವಾದ ಇಟಿಎಫ್

ಸರಳ-ಸಂಕೀರ್ಣ ನಿರ್ಣಯ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಮ್ಮ ಸಭೆಗಳಿಗೆ ಬಹುಕಾಲದಿಂದ ಬನ್ನು, ಬಿಸ್ಕತ್ತು ಒದಗಿಸುತ್ತಿರುವ ಬೇಕರಿಯವನ ಅನಂತ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಸಭಾಂಗಣದ ಏಸಿಯೂ ಕ್ಷೇಮವೆಂದು ನಂಬಿದ್ದೇನೆ. ನನ್ನ ದೂರು ಶುರುವಾಗುವುದೇ ಆ ಏಸಿಯಿಂದ.

ಷೇರುಪೇಟೆಯಲ್ಲಿ ಷೇರಿನಂತೆಯೇ ಕೊಂಡು ಮಾರುವ ಇಟಿಎಫ್ ಎಂಬ ನಿಧಿಯು ಹೂಡಿಕೆದಾರರಿಗೆ ಸರಳವೋ ಸಂಕೀರ್ಣವೋ ಎಂದು ತೀರ್ಮಾನಿಸುವ ಮುನ್ನ ಅದನ್ನು ಒಬ್ಬ ಜನಸಾಮಾನ್ಯನಿಗೆ ವಿವರಿಸಿ ನೋಡಬೇಕೆಂಬುದು ತಮ್ಮ ನಿಯಮ. ಅಂದು ಗೊತ್ತುಮಾಡಿದ್ದ ಜನಸಾಮಾನ್ಯ ಕೈಕೊಟ್ಟದ್ದರಿಂದ, ಬನ್ನಿನ ಟ್ರೇ ಇಳಿಸುತ್ತಿದ್ದ ನನ್ನನ್ನೇ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಿರಿ. ಪೇಟೆ ಬಿದ್ದರೆ ಮೂರು ಪಟ್ಟು ಏರುವ, ಏರಿದರೆ ಮೂರು ಪಟ್ಟು ಬೀಳುವ, ಪೇಟೆ ಏರಿಳಿದು ಮೊದಲಿದ್ದಲ್ಲಿಗೇ ಬಂದು ನಿಂತರೂ ತಾನು ಮಾತ್ರ ಸವೆಯುವ ಅಂಥದೊಂದು ವಿಚಿತ್ರ ನಿಧಿಯ ಮಹಿಮೆಯನ್ನು ತಮ್ಮ ತಜ್ಞರು ವರ್ಣಿಸತೊಡಗಿದರು. ನಸುಕಿನಲ್ಲೇ ಎದ್ದು ಹಿಟ್ಟು ನಾದಿದವನು ನಾನು. ಆ ತಂಪಿಗೆ, ಆ ಮೆತ್ತನೆಗೆ ಕಣ್ಣೆಳೆದು ತೂಕಡಿಸಿಬಿಟ್ಟೆ. ನನ್ನ ತಲೆ ಎದೆಗೆ ಬಿದ್ದು ಬಿದ್ದು ಏಳುವುದನ್ನು ಕಂಡ ತಾವು 'ಜನಸಾಮಾನ್ಯ ಪ್ರತಿ ವಾಕ್ಯಕ್ಕೂ ತಲೆದೂಗಿದ್ದಾನೆ' ಎಂದು ಬರೆದು, ನಿಧಿಗೆ 'ಸರಳ' ಎಂಬ ಮುದ್ರೆ ಒತ್ತಿದಿರಿ. ಗೊರಕೆಯನ್ನೂ ಮೆಚ್ಚುಗೆಯೆಂದು ದಾಖಲಿಸಿದ ತಮ್ಮ ದೊಡ್ಡ ಮನಸ್ಸನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಸಂಕಟವೇನೆಂದರೆ, ಆ ಮುದ್ರೆಯನ್ನು ನಂಬಿ ನನ್ನ ಹೆಂಡತಿ ಹೊಸ ಓವನ್ನಿಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಅದರಲ್ಲೇ ಹಾಕಿದ್ದಾಳೆ. ಹಳೆಯ ಓವನ್ನಿನ ಬಾಗಿಲು ನಿಲ್ಲದೆ, ಇಟ್ಟಿಗೆ ಆನಿಸಿ ಬ್ರೆಡ್ಡು ಬೇಯಿಸುತ್ತಿದ್ದೇವೆ. ಪೇಟೆ ಏರಿತೆಂಬ ಖುಷಿಗೆ ಬೀದಿಯವರೆಲ್ಲ ನಮ್ಮಲ್ಲೇ ಕೇಕು ಕೊಳ್ಳುತ್ತಿದ್ದಾರೆ, ನಮ್ಮ ಹಣ ಮಾತ್ರ ಕರಗುತ್ತಿದೆ. ಊಟಕ್ಕೆ ಕೂತಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಸರಳ ಅಂತ ತಲೆ ಆಡಿಸಿ ಬಂದಿದ್ದು ನೀವೇ ತಾನೆ? ಒಂದೇ ಮಾತಲ್ಲಿ ಹೇಳಿ, ದುಡ್ಡು ಇಡಲೋ, ತೆಗೀಲೋ?" ನಿಜ ಹೇಳುತ್ತೇನೆ, ನನಗೆ ಭಯವಾಗಿದೆ. ಉಪ್ಪು ಸರಿಯಿದೆಯೇ ಎಂದು ಕೇಳಿದರೂ ಈಗ ನಾನು ತಲೆ ಆಡಿಸುವುದಿಲ್ಲ.

ಆದಕಾರಣ ತಾವು ಆ ನಿಧಿಯನ್ನು ಸಂಕೀರ್ಣವೆಂದು ಘೋಷಿಸಬೇಕು. ಅದಾಗದಿದ್ದರೆ ಅಂದು ನಾನು ಗಾಢ ನಿದ್ದೆಯಲ್ಲಿದ್ದೆನೆಂದು, ಮನೆಯಲ್ಲಿ ತೋರಿಸಲು, ಒಂದು ಪ್ರಮಾಣಪತ್ರ ಕೊಡಬೇಕು. ಅದೂ ಕಷ್ಟವೆನಿಸಿದರೆ ಸಮಿತಿ ಸಮೇತ ನಮ್ಮ ಅಡುಗೆಮನೆಗೆ ಬಂದು ಅವಳಿಗೇ ವಿವರಿಸಬೇಕು. ನಮ್ಮ ಕುರ್ಚಿಗಳು ಗಟ್ಟಿ ಮರದವು, ಯಾರಿಗೂ ನಿದ್ದೆ ಬರುವುದಿಲ್ಲ.

ಸದ್ಯಕ್ಕೆ ಎಚ್ಚರವಾಗಿರುವ,
ತಮ್ಮ ವಿಶ್ವಾಸಿ,
ಜನಸಾಮಾನ್ಯ

ವಿ.ಸೂ.: ಹೊಸ ಓವನ್ ಬರುವವರೆಗೆ ತಮ್ಮ ಸಭೆಗೆ ಹಸಿ ಬನ್ನುಗಳನ್ನೇ ಕಳಿಸುವುದೆಂದು ನನ್ನ ಹೆಂಡತಿ ತೀರ್ಮಾನಿಸಿದ್ದಾಳೆ. ಬೆಂದಿವೆಯೋ ಇಲ್ಲವೋ ಎಂಬ ಅನುಮಾನ ತಮಗೆ ಬೇಡ. ಗೇಟಿನ ಬಳಿ ತೂಕಡಿಸುತ್ತಿದ್ದ ತಮ್ಮ ಕಾವಲುಗಾರನಿಗೆ ತೋರಿಸಿದ್ದೇವೆ. ಪ್ರತಿ ಬನ್ನಿಗೂ ತಲೆದೂಗಿದ್ದಾನೆ.