ಎರಡು ಕೀ ಇದ್ದರೆ ಅರ್ಧ ರೇಟು

ಗಂಡ: ನಿನ್ನೆಯಿಂದ ಕೇಳ್ತಿದ್ದೀನಿ, ಮೊದಲು ಅದನ್ನ ಹೇಳು. ನನ್ನ ಸೀಟನ್ನ ಮುಂದಕ್ಕೆ ಎಳೆದಿದ್ದು ಯಾರು? ಕೂತ ಕೂಡ್ಲೇ ಮೊಣಕಾಲು ಸ್ಟೇರಿಂಗಿಗೆ ಹೊಡೀತು.

ಹೆಂಡತಿ: ಸೀಟಿನ ಪಂಚಾಯ್ತಿ ಆಮೇಲೆ. ಕೀ ಮಾಡಿಸೋಕೆ ಬಂದಿದ್ದೀವಿ, ಕೀ ವಿಷಯ ಮಾತಾಡಿ.

ಗಂಡ: ಕೀ ವಿಷಯ ಏನಿದೆ ಮಾತಾಡೋಕೆ? ಒಂದು ಕಾರು, ಒಂದು ಕೀ. ಒಂದೇ ತಲೆಗೆ ಎರಡು ಟೋಪಿ ಯಾಕೆ?

ಹೆಂಡತಿ: ತಲೆ ಎರಡಿದೆ ರೀ. ಅದರಲ್ಲಿ ಒಂದಕ್ಕೆ ಹೋದ ತಿಂಗಳು ಲೈಸೆನ್ಸೂ ಬಂದಿದೆ.

ಅಂಗಡಿ ಎಷ್ಟು ಇಕ್ಕಟ್ಟೆಂದರೆ ಇಬ್ಬರು ಜಗಳವಾಡಬೇಕಾದರೆ ಒಬ್ಬರು ಅಡ್ಡಡ್ಡ ನಿಲ್ಲಬೇಕು. ಮೂರು ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀ. ಕೌಂಟರಿನ ಹಿಂದೆ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಕೂತವರನ್ನು ಬೀದಿಯವರೆಲ್ಲ ಕೀ ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಯಾವ ಮಾತನ್ನೂ ಒಂದೇ ಸಲ ಹೇಳಿ ಬಿಟ್ಟವರೂ ಅಲ್ಲ.

ಕೀ ಮೇಷ್ಟ್ರು: ಕೂತ್ಕೊಳ್ಳಿ ಸಾರ್. ಸ್ಟೂಲು ಒಂದೇ ಇದೆ. ಮೇಡಂ ಕೂತ್ಕೊಳ್ಳಲಿ.

ಗಂಡ: ನಾವು ಕೂರೋಕೆ ಬಂದಿಲ್ಲ. ರೇಟು ಕೇಳ್ಕೊಂಡು ಹೋಗೋಕೆ ಬಂದಿದ್ದು.

ಹೆಂಡತಿ: ಇವರು ಕೇಳ್ಕೊಂಡು ಹೋಗ್ತಾರೆ. ನಾನು ಮಾಡಿಸ್ಕೊಂಡು ಹೋಗ್ತೀನಿ. ಸೋಮವಾರದಿಂದ ಲ್ಯಾಬಲ್ಲಿ ನನ್ನ ಶಿಫ್ಟು ಬೆಳಿಗ್ಗೆ ಆರಕ್ಕೆ. ಅಷ್ಟರೊಳಗೆ ನನ್ನ ಕೈಲಿ ಕೀ ಇರಬೇಕು.

ಗಂಡ: ನಾನು ಬಿಡ್ತೀನಿ ಅಂದೆನಲ್ಲೇ! ಇಷ್ಟು ದಿನ ಬಿಟ್ಟಿಲ್ವಾ?

ಹೆಂಡತಿ: ಇಷ್ಟು ದಿನ ನಂದು ಒಂಬತ್ತಕ್ಕಿತ್ತು. ನಿಮ್ಮ ಎಡಗಣ್ಣು ತೆಗೆಯೋದು ಏಳೂವರೆಗೆ, ಬಲಗಣ್ಣು ಎಂಟಕ್ಕೆ. ಆರು ಗಂಟೆಗೆ ಯಾವ ಕಣ್ಣಲ್ಲಿ ಗಾಡಿ ಓಡಿಸ್ತೀರಿ?

ಗಂಡ: ನಿನ್ನ ಕೈಗೆ ಕೀ ಕೊಟ್ರೆ ಅದು ಉಳಿಯುತ್ತಾ? ನಿನ್ನೆ ತಾನೇ ಛತ್ರಿ ಎಲ್ಲೋ ಕಳ್ಕೊಂಡು ಬಂದೆ.

ಹೆಂಡತಿ: ಛತ್ರಿ ಕಳೆದು ಒಂದು ದಿನ ಆಯ್ತು. ನೀವು ಮನೆ ಬದಲಾಯಿಸುವಾಗ ಸ್ಪೇರ್ ಕೀ ಕಳೆದು ವರ್ಷ ಆಯ್ತು. ಅದಕ್ಕೆ ನಾನು ಏನಾದ್ರೂ ಅಂದ್ನಾ?

ಗಂಡ: ದಿನಾ ಅಂತೀಯ!

ಹೆಂಡತಿ: ದಿನಾ ಅಂದಿದ್ದು ಒಂದೇ ಮಾತು. ಅದನ್ನ ಒಂದು ಅಂತಲೇ ಲೆಕ್ಕ ಹಿಡೀಬೇಕು.

ಗಂಡ ಶರ್ಟಿನ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಕನ್ನಡಕ ಮೂಗಿನ ಮೇಲೇ ಇತ್ತು. ಆಮೇಲೆ ಪ್ಯಾಂಟಿನ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು, ವಕೀಲರು ಸಾಕ್ಷಿ ಇಡುವ ಗತ್ತಿನಲ್ಲಿ ಕೌಂಟರಿನ ಮೇಲಿಟ್ಟ.

ಗಂಡ: ನಾನೇನೂ ಕೈಕಟ್ಟಿ ಕೂತಿಲ್ಲ. ನೋಡಿ, ರಿಮೋಟ್ ಕೀ. ಮೊಬೈಲಲ್ಲಿ ಹುಡುಕಿ ಆರ್ಡರ್ ಮಾಡಿ ತರಿಸಿದ್ದು. ಶೋರೂಮಿನವರು ಹೇಳಿದ ರೇಟಲ್ಲಿ ಇಂಥವು ಐವತ್ತು ಬರುತ್ತವೆ. ಇದನ್ನ ಕಾರಿಗೆ ಪರಿಚಯ ಮಾಡಿಸಿ ಕೊಡಿ, ಸಾಕು.

ಮೇಷ್ಟ್ರು ಭೂತಗನ್ನಡಿಯನ್ನು ಕಣ್ಣಿಗಿಳಿಸಿದರು. ರಿಮೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಉಗುರಿನಿಂದ ಒಂದು ಅಂಚನ್ನು ಎತ್ತಿದ್ದೇ ತಡ, ಅದು ಎರಡು ಹೋಳಾಗಿ ಬಿಚ್ಚಿಕೊಂಡಿತು.

ಕೀ ಮೇಷ್ಟ್ರು: ಸಾರ್, ಇದರೊಳಗೆ ಏನೂ ಇಲ್ಲ.

ಗಂಡ: ಏನೂ ಇಲ್ಲ ಅಂದ್ರೆ?

ಕೀ ಮೇಷ್ಟ್ರು: ಚಿಪ್ ಇಲ್ಲ, ಬೋರ್ಡ್ ಇಲ್ಲ, ಬ್ಯಾಟರಿ ಇಲ್ಲ. ಇದು ಖಾಲಿ ಕೇಸು. ಹಳೇದು ಒಡೆದುಹೋದವರು ಬರೀ ಕೇಸು ತರಿಸ್ಕೋತಾರೆ. ಇದು ಆ ಕೇಸು.

ಹೆಂಡತಿ: ನಮ್ಮ ಕಾರಿಗೆ ಇದನ್ನ ಪರಿಚಯ ಮಾಡಿಸಿದ್ರೆ?

ಕೀ ಮೇಷ್ಟ್ರು: ಕಾರು ನಗುತ್ತೆ ಮೇಡಂ.

ಗಂಡ: ಫೋಟೋದಲ್ಲಿ ತುಂಬಿದ ಹಾಗೇ ಕಾಣ್ತಿತ್ತು.

ಹೆಂಡತಿ: ನಮ್ಮ ಮದುವೆಗೆ ಮುಂಚೆ ನನಗೆ ತೋರಿಸಿದ ನಿಮ್ಮ ಫೋಟೋದಲ್ಲಿ ತಲೆ ತುಂಬ ಕೂದಲಿತ್ತು. ನಾನು ವಾಪಸ್ ಕಳಿಸಿದ್ನಾ?

ಗಂಡ ಪೆಚ್ಚಾಗಿ ಎರಡು ಹೋಳನ್ನೂ ಜೋಡಿಸಲು ಹೋದ. ಅವು ಜೋಡಣೆಯಾಗಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಸಾಧ್ಯವಾದರೆ ಪುಕ್ಕಟೆಗೆ ಸಮನಾಗಿ ಮುಗಿಸುವುದು, ಆಗದಿದ್ದರೆ ತುಂಬಾ ದುಬಾರಿ ಎಂದು ಹೇಳಿ ಮನೆ ಸೇರುವುದು. ಮೊದಲನೆಯದು ಕೈಕೊಟ್ಟಿದ್ದರಿಂದ ಎರಡನೆಯದಕ್ಕೆ ಬಂದ.

ಗಂಡ: ಸರಿ, ನಿಮ್ಮ ರೇಟೇ ಹೇಳಿ.

ಮೇಷ್ಟ್ರು ಒಂದು ಚೀಟಿಯ ಮೇಲೆ ಬರೆದು ತಿರುಗಿಸಿ ತೋರಿಸಿದರು.

ಗಂಡ: ಏನ್ರೀ ಇದು! ಕೀ ರೇಟು ಕೇಳಿದ್ರೆ ಫೋನ್ ನಂಬರ್ ಬರೀತೀರಲ್ಲ!

ಕೀ ಮೇಷ್ಟ್ರು: ಶೋರೂಮಿನ ಮೂರನೇ ಒಂದು ಪಾಲೂ ಅಲ್ಲ ಸಾರ್. ಒಂದೇ ಕೀ ಇರೋ ಗಾಡಿಗೆ ನಾನು ಮಷೀನ್ ಹಾಕಿ ಕಲಿಸಬೇಕು. ಎರಡು ಕೀ ಇದ್ರೆ ಮಷೀನೇ ಬೇಡ. ಒಂದಾದ ಮೇಲೊಂದು ಹಾಕಿ ತಿರುಗಿಸಿದ್ರೆ ನಿಮ್ಮ ಗಾಡಿ ತಾನಾಗೇ ಮೂರನೇದನ್ನ ಕಲ್ತ್ಕೊಳ್ಳುತ್ತೆ. ಎರಡು ಕೀ ಇದ್ರೆ ಅರ್ಧ ರೇಟು.

ಗಂಡ: ಅರ್ಧ?

ಕೀ ಮೇಷ್ಟ್ರು: ಎರಡು ಕೀ ಇದ್ರೆ ಅರ್ಧ. ಇನ್ನೊಂದು ಸಲ ಹೇಳ್ತೀನಿ, ಎರಡು ಕೀ...

ಗಂಡ: ಕೇಳಿಸ್ತು, ಕೇಳಿಸ್ತು.

ಅವನ ಕೈ ತಾನಾಗಿಯೇ ಶರ್ಟಿನ ಜೇಬಿನ ಕಡೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದ. ಅರ್ಧ ಎಂಬ ಮಾತಿಗೆ ಕರಗದ ಜೀವ ಅವನದಲ್ಲ. ಒಂದು ಸೋಪಿಗೆ ಒಂದು ಸೋಪು ಉಚಿತವೆಂದು ತಂದ ಹನ್ನೆರಡು ಸೋಪು ಇನ್ನೂ ಬಚ್ಚಲಿನ ಅಟ್ಟದ ಮೇಲಿವೆ.

ಹೆಂಡತಿ: ಇರೋದು ಒಂದೇ ಅಲ್ವಾ, ಏನು ಮಾಡೋದು. ಪೂರ್ತಿ ರೇಟೇ ಕೊಡೋಣ. ಮಷೀನ್ ಹಾಕಿ ಮೇಷ್ಟ್ರೇ.

ಗಂಡ: ತಡಿಯೇ, ಏನವಸರ?

ಕೀ ಮೇಷ್ಟ್ರು: ಇನ್ನೊಂದು ವಿಷಯ ಸಾರ್, ಆಮೇಲೆ ನನ್ನ ಬೈಯಬಾರದು. ಮಷೀನ್ ಹಾಕಿದಾಗ ಗಾಡಿ ಹಳೇದನ್ನೆಲ್ಲ ಮರೆತುಬಿಡುತ್ತೆ. ಆಗ ಎದುರಿಗಿರೋ ಕೀಗಳನ್ನ ಮಾತ್ರ ಹೊಸದಾಗಿ ನೆನಪಿಟ್ಕೊಳ್ಳುತ್ತೆ. ಕಳೆದುಹೋದ ಸ್ಪೇರ್ ನಾಳೆ ಎಲ್ಲಾದ್ರೂ ಸಿಕ್ಕಿದ್ರೂ ಅದರಿಂದ ಗಾಡಿ ಸ್ಟಾರ್ಟ್ ಆಗಲ್ಲ.

ಗಂಡ: ಆಗೋದೇ ಇಲ್ವಾ?

ಕೀ ಮೇಷ್ಟ್ರು: ಬೆನ್ನು ತುರಿಸ್ಕೊಳ್ಳೋಕೆ ಆಗುತ್ತೆ.

ಹೆಂಡತಿ: ಒಳ್ಳೇದೇ ಆಯ್ತು. ಯಾವ ಕಳ್ಳನ ಕೈಲಿದೆಯೋ ಏನೋ. ಅವನಿಗೂ ಬುದ್ಧಿ ಬರಲಿ.

ಮೇಷ್ಟ್ರು ಮಷೀನಿನ ಪೆಟ್ಟಿಗೆಯ ಒಂದು ಕೊಂಡಿ ಬಿಚ್ಚಿದರು. ಗಂಡನ ಹಣೆಯಲ್ಲಿ ಬೆವರು ಮೂಡಿತು. ಎರಡನೇ ಕೊಂಡಿ ಬಿಚ್ಚಿದರು. ಬೆವರು ಕನ್ನಡಕಕ್ಕಿಳಿಯಿತು.

ಗಂಡ: ನಿಲ್ಲಿಸಿ!

ಜೇಬಿನಿಂದ ಡಬ್ಬಿ ಹೊರಗೆ ಬಂತು. ಡಬ್ಬಿಯೊಳಗಿಂದ ಕನ್ನಡಕ ಒರೆಸುವ ಬಟ್ಟೆ, ಬಟ್ಟೆಯೊಳಗಿಂದ ಒಂದು ಕೀ. ಅದರ ಗುಂಡಿಗಳ ರಬ್ಬರು ಹರಿದಿತ್ತು, ಕೇಸು ಬಿರಿದಿತ್ತು. ಆದರೂ ಅದು ಕಾರಿನ ಕೀಯೇ.

ಹೆಂಡತಿ: ಇದ್ಯಾವುದು?

ಗಂಡ: ಸಿಕ್ತು.

ಹೆಂಡತಿ: ಯಾವಾಗ?

ಗಂಡ: ಈಗ... ಈಗಿನ ಹತ್ತಿರಹತ್ತಿರದಲ್ಲಿ.

ಹೆಂಡತಿ: ಅಂದ್ರೆ ನನಗೆ ಲೈಸೆನ್ಸ್ ಬಂದ ವಾರ.

ಗಂಡ: ಅದಕ್ಕೂ ಎರಡು ದಿನ ಮುಂಚೆ. ಟೆಸ್ಟಲ್ಲಿ ನೀನು ಫೇಲ್ ಆಗಿದ್ರೆ ಅವತ್ತೇ ಕೊಟ್ಟುಬಿಡ್ತಿದ್ದೆ.

ಹೆಂಡತಿ: ಫೇಲ್ ಆಗಿದ್ರೆ ನಾನು ಅದನ್ನ ಇಟ್ಕೊಂಡು ಬೆನ್ನು ತುರಿಸ್ಕೋಬೇಕಿತ್ತಾ? ಯಾಕ್ರೀ ಬಚ್ಚಿಟ್ರಿ? ನಾನೇನು ಗುದ್ದಿಬಿಡ್ತೀನಿ ಅಂತಲಾ?

ಗಂಡ: ಛೇ, ಇಲ್ಲಪ್ಪ. ನೀನು ನನಗಿಂತ ಚೆನ್ನಾಗಿ ಓಡಿಸ್ತೀಯ.

ಈ ಮಾತನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರು ಮರ್ಯಾದೆಗೆಂದು ಗೋಡೆಯ ಕಡೆ ತಿರುಗಿ ಕೀಗಳನ್ನು ಎಣಿಸತೊಡಗಿದರು.

ಹೆಂಡತಿ: ಮತ್ತೆ?

ಗಂಡ: ಬೆಳಿಗ್ಗೆ ನಿನ್ನ ಬಿಡೋಕೆ ಹೋಗ್ತೀನಲ್ಲ, ಇಪ್ಪತ್ತು ನಿಮಿಷ. ಮನೇಲಿ ನೀನು ನಿನ್ನ ಕೆಲಸ, ನಾನು ನನ್ನ ಟೀವಿ. ನಾವಿಬ್ರೂ ಮಾತು ಅಂತ ಆಡೋದು ಆ ಇಪ್ಪತ್ತು ನಿಮಿಷ ಮಾತ್ರ. ನಿನ್ನ ಕೈಗೆ ಕೀ ಬಂದ್ರೆ ಅದೂ ಹೋಗುತ್ತೆ ಅನ್ನಿಸ್ತು. ಅಷ್ಟೇ.

ಹೆಂಡತಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಒಟ್ಟಿಗೆ ತೋರಿಸಲಾಗದೆ ಗದರಿದಳು.

ಹೆಂಡತಿ: ಆ ಇಪ್ಪತ್ತು ನಿಮಿಷ ನೀವು ಸಿಗ್ನಲ್ಲನ್ನ ಬೈತಾ ಇರ್ತೀರಿ.

ಗಂಡ: ನಿನ್ನ ಹತ್ರ ತಾನೇ ಬೈಯೋದು!

ಹೆಂಡತಿ: ಕೇಳಿಲ್ಲಿ. ಸಂಜೆ ಐದಕ್ಕೆ ನಿಮ್ಮ ಆಫೀಸಿನ ಗೇಟಿನ ಹತ್ರ ನಾನೇ ಗಾಡಿ ತಂದು ನಿಲ್ಲಿಸ್ತೀನಿ. ಅಲ್ಲಿಂದ ಮನೆಗೆ ಅರ್ಧ ಗಂಟೆ. ಹತ್ತು ನಿಮಿಷ ಜಾಸ್ತಿನೇ ಬೈಬಹುದು.

ಗಂಡ: ಬೆಳಿಗ್ಗೆ ನಾನು ಆಫೀಸಿಗೆ?

ಹೆಂಡತಿ: ಬಸ್ಸು. ಅದಕ್ಕೆ ಕೀ ಬೇಕಾಗಲ್ಲ.

ಗಂಡ ಸೋತ ಮುಖ ಮಾಡಿದ. ಆದರೆ ಮರುಕ್ಷಣವೇ ಲೆಕ್ಕಾಚಾರ ಹೊಳೆದು ಮುಖ ಅರಳಿತು.

ಗಂಡ: ಮೇಷ್ಟ್ರೇ, ಈಗ ಎರಡು ಕೀ ಆಯ್ತು. ಅರ್ಧ ರೇಟು!

ಹೆಂಡತಿ: ಅರ್ಧ ಯಾಕ್ರೀ? ಎರಡಾದ ಮೇಲೆ ಮೂರನೇದು ಯಾರಿಗೆ?

ಕೀ ಮೇಷ್ಟ್ರು: ಹೊಸದು ಬೇಡವೇ ಬೇಡ ಸಾರ್. ಈ ಹರಿದ ಕೀಯ ಒಳಗಿನ ಚಿಪ್, ಬೋರ್ಡು, ಮುಂದಿನ ಕಡ್ಡಿ ಎಲ್ಲ ಗಟ್ಟಿಯಾಗಿವೆ. ಕೇಸು ಮಾತ್ರ ಹೋಗಿದೆ. ಖಾಲಿ ಕೇಸು ನೀವೇ ತಂದಿದ್ದೀರಲ್ಲ.

ಅಷ್ಟು ಹೊತ್ತು ಕೌಂಟರಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ ಎರಡು ಹೋಳನ್ನು ಮೇಷ್ಟ್ರು ಹತ್ತಿರಕ್ಕೆ ಎಳೆದುಕೊಂಡರು. ಹಳೆಯದರ ಹೊಟ್ಟೆ ಬಿಚ್ಚಿ, ಒಂದೊಂದನ್ನೇ ಚಿಮಟದಿಂದ ಎತ್ತಿ ಹೊಸದರೊಳಗೆ ಕೂರಿಸಿ, ಒಂದು ಬ್ಯಾಟರಿ ಹಾಕಿ ಒತ್ತಿದರು. ಟಕ್ಕೆಂದು ಕೂತಿತು. ಗುಂಡಿ ಒತ್ತಿದರೆ ಹೊರಗೆ ನಿಂತಿದ್ದ ಕಾರು ಎರಡು ಸಲ ಕಣ್ಣು ಮಿಟುಕಿಸಿತು.

ಗಂಡ: ನೋಡಿದ್ಯಾ! ಏನೂ ಇಲ್ಲ, ಖಾಲಿ, ಖಾಲಿ ಅಂತ ನಕ್ಕಿರಲ್ಲ ಇಬ್ರೂ! ಮುಂದಾಲೋಚನೆ ಅಂದ್ರೆ ಇದು.

ಹೆಂಡತಿ: ಹೌದೌದು. ತಪ್ಪು ಮಾಡೋದರಲ್ಲೂ ಮುಂದಾಲೋಚನೆ ಇರೋರು ನೀವೊಬ್ರೇ.

ಬ್ಯಾಟರಿಯ ಬೆಲೆ, ಮೇಲೊಂದಿಷ್ಟು ಕೂಲಿ. ಹಾಗೆ ವ್ಯವಹಾರ ಮುಗಿಯಿತು. ಹೆಂಡತಿ ಹೊಸ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಮೇಷ್ಟ್ರು ಕೌಂಟರಿನ ಕೆಳಗೆ ಬಗ್ಗಿದರು.

ಕೀ ಮೇಷ್ಟ್ರು: ಮೇಡಂ, ನಿನ್ನೆ ಬಿಟ್ಟುಹೋಗಿದ್ರಲ್ಲ, ನಿಮ್ಮ ಛತ್ರಿ.

ಗಂಡ: ನಿನ್ನೆ? ನಿನ್ನೆ ಇವಳು ಇಲ್ಲಿಗೆ ಬಂದಿದ್ಲಾ?

ಹೆಂಡತಿ: ನೀವು ಹಲ್ಲಿನ ಡಾಕ್ಟರ ಹತ್ರ ಬಾಯಿ ತೆಕ್ಕೊಂಡು ಕೂತಿದ್ರಲ್ಲ, ಆಗ. ನಿಮ್ಮ ಬ್ಯಾಗು, ಕೀ ಎಲ್ಲ ನನ್ನ ಕೈಲೇ ಕೊಟ್ಟಿದ್ರಿ. ಮೇಷ್ಟ್ರ ಹತ್ರ ಕಾರು ತಂದು ತೋರಿಸಿದೆ. ಎರಡು ಕೀ ಇದ್ರೆ ಅರ್ಧ ರೇಟು ಅಂದ್ರು. ಈ ಮಾತನ್ನ ನಾಳೆ ನಮ್ಮನೆಯವರ ಮುಂದೆ ಸ್ವಲ್ಪ ಗಟ್ಟಿಯಾಗಿ ಹೇಳಿ ಅಂದೆ.

ಗಂಡ: ಅಂದ್ರೆ ನಿನಗೆ ಗೊತ್ತಿತ್ತು!

ಹೆಂಡತಿ: ಕನ್ನಡಕ ಮೂಗಿನ ಮೇಲಿರುವಾಗ ಡಬ್ಬಿ ಗಲಗಲ ಅಂದ್ರೆ ಗೊತ್ತಾಗಲ್ವಾ?

ಗಂಡ: ಗೊತ್ತಿದ್ದ ಮೇಲೆ ತಕ್ಕೋಬೇಕಿತ್ತು! ಇಷ್ಟೆಲ್ಲ ಯಾಕೆ ಆಟ ಆಡಿಸಿದೆ?

ಹೆಂಡತಿ: ನಾನೇ ತಗೊಂಡಿದ್ರೆ ಅದು ಕದ್ದ ಕೀ. ನೀವಾಗೇ ಕೊಟ್ರಿ, ಈಗ ಅದು ನನ್ನ ಕೀ.

ಹೆಂಡತಿ ಸ್ಟೇರಿಂಗಿನ ಮುಂದೆ ಕೂತು ಸೀಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಅವನು ಗೊಣಗುತ್ತ ಕಾರು ಸುತ್ತಿ ಬಂದು ಪಕ್ಕದ ಸೀಟಿನ ಬಾಗಿಲು ತೆಗೆದ. ಹತ್ತು ವರ್ಷ ಅವಳು ಕೂತ ಸೀಟು ಅದು. ಉದ್ದ ಕಾಲನ್ನು ಎಲ್ಲಿ ಮಡಚುವುದೆಂದು ಯೋಚಿಸುತ್ತಲೇ ಕೂತ. ಮಡಚಬೇಕಾಗಲಿಲ್ಲ. ಕಾಲು ನೆಟ್ಟಗೆ ಚಾಚಿಕೊಂಡಿತು.

ಗಂಡ: ಈ ಸೀಟನ್ನ ಇಷ್ಟು ಹಿಂದಕ್ಕೆ ತಳ್ಳಿದ್ದು ಯಾರು?

ಹೆಂಡತಿ: ನಿನ್ನೇನೇ ತಳ್ಳಿಟ್ಟಿದ್ದೀನಿ. ಬೆಲ್ಟ್ ಹಾಕ್ಕೊಂಡು ಮಾತು ಶುರು ಮಾಡಿ, ಮನೆಗೆ ಹತ್ತೇ ನಿಮಿಷ.